ಆಷಾಢದಲ್ಲಿ ಕೊಂಡ ಗಾಡಿ

ಜೂನ್ ೧೮, ಬುಧವಾರ

ಎಂ.ಎ. ಮುಗಿದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ಇವತ್ತು ಮತ್ತೆ ನೋಟ್‌ಬುಕ್ ತೆಗೆದಿದ್ದೇನೆ. ಯಾರನ್ನಾದರೂ ಬೈಯಬೇಕಾಗಿದೆ, ಎದುರಿಗೆ ಬೈಯಲು ನನಗೆ ಬರುವುದಿಲ್ಲ.

ಮಟಕಿ ಊರಿನ ಹೊಲದ ದಾರಿಯಲ್ಲಿ ಗಾಡಿ ಮತ್ತೆ ನಿಂತಿತು. ಬೈಕಿನ ಇಂಜಿನ್ ಕೆಟ್ಟಿಲ್ಲ. ಮುಂದಿನ ಚಕ್ರ ತಿರುಗುವುದಿಲ್ಲ, ಅಷ್ಟೆ. ಹಸಿ ಎರಿಮಣ್ಣು ಟೈರಿಗೆ ಹತ್ತಿಕೊಂಡು ಮೇಲೆ ಹೋಗಿ ಮಡ್‌ಗಾರ್ಡಿನೊಳಗೆ ತುಂಬುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಇಳಿದು ಜಾಲಿ ಕಟ್ಟಿಗೆಯಿಂದ ಕೆದರಿ ತೆಗೆಯಬೇಕು. ಮತ್ತೆ ಹತ್ತು ಮಾರು. ಮತ್ತೆ ಕೆದರಬೇಕು. ಮೊದಲ ಹೊಲ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ.

ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಎಂದರೆ ಕಬ್ಬಿನ ಹೊಲಗಳನ್ನು ತಿರುಗುವವನು. ಮೊಬೈಲ್ ಹಿಡಿದು ಬದುವಿನ ಸುತ್ತ ನಡೆದರೆ ಎಷ್ಟು ಎಕರೆ ಎಂದು ಅದೇ ಅಳೆಯುತ್ತದೆ. ನಾನು ಒಂದು ಗುಂಡಿ ಒತ್ತಿದರೆ ಕಬ್ಬು ನೋಂದಣಿಯಾಯಿತು. ಕೆಲಸ ಇಷ್ಟೇ. ಆದರೆ ಹೊಲ ಮುಟ್ಟಬೇಕು. ಸೇರಿ ಐದು ತಿಂಗಳಾಯಿತು. ಆರು ತಿಂಗಳು ಮುಗಿದ ಮೇಲೆ, ಜುಲೈ ಕೊನೆಗೆ, ಕಾಯಂ ಮಾಡುತ್ತಾರೆ ಇಲ್ಲವೇ ಕಳಿಸುತ್ತಾರೆ.

ಗಾಡಿ ರೇವಣಪ್ಪ ಮಾಮಾ ಕೊಡಿಸಿದ್ದು. ಅವ್ವನ ಅಣ್ಣ. ಜೇವರ್ಗಿಯಲ್ಲಿ ಅರಿವೆ ಅಂಗಡಿ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನೂ ಅವನೇ. ಯುಗಾದಿ ದಿನ ಶೋರೂಮಿಗೆ ಕರೆದೊಯ್ದು, ಎಲ್ಲಕ್ಕಿಂತ ಕೆಂಪಾದದ್ದರ ಮೇಲೆ ಕೈಯಿಟ್ಟು, "ಹೆಂಗದ ಲೇ, ಹುಲಿ ಹಂಗ ಅದಲ್ಲ?" ಎಂದ. ಹಿಂದಿನ ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಸಾಮಾನು ಕಟ್ಟಲು ಕ್ಯಾರಿಯರ್ ಇರಲಿಲ್ಲ. ಕಿಕ್ ಸಹ ಇರಲಿಲ್ಲ. ಎಲ್ಲವನ್ನೂ ನೋಡಿದ್ದೆ. ಆದರೂ ತಲೆಯಾಡಿಸಿದೆ. ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫೋಟೊ ತೆಗೆದರು. ಫೋಟೊದಲ್ಲಿ ನಾನು ಯಾರದೋ ಮದುವೆಗೆ ಬಂದವನಂತೆ ನಿಂತಿದ್ದೇನೆ.

ಜೂನ್ ೨೫, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಅವ್ವ ಪ್ರತಿ ವರ್ಷ ಹಳ್ಳದಿಂದ ಮಣ್ಣು ತರುತ್ತಾಳೆ. ಈ ಸಲ ಅಂಗಳದಲ್ಲಿ ಗಾಡಿಯ ಮುಂದೆ ಕೂತು ಮಡ್‌ಗಾರ್ಡಿನೊಳಗೆ ಕೈಹಾಕಿದಳು.

"ಹಳ್ಳಕ್ಕ ಯಾಕ ಹೋಗಬೇಕು? ಮಟಕಿ ಮಣ್ಣು ಮನಿಗೇ ಬಂದದ."

ಎರಡು ಎತ್ತು, ಒಂದು ಗೋದಲಿ ಆದವು. ಓಣಿಯವರೆಲ್ಲ ಬಂದು ನೋಡಿ ನಕ್ಕರು. ನಾನು ಒಳಗೆ ಹೋಗಿ ಮಲಗಿದೆ.

ಸಂಜೆ ಬಸ್‌ಸ್ಟ್ಯಾಂಡ್ ಹಿಂದಿನ ಮಿಸ್ತ್ರಿ ಅಬ್ದುಲ್ ಗನಿ ಚಾಚಾನ ಹತ್ತಿರ ಹೋದೆ. ಆಳಂದದ ಅರ್ಧ ಗಾಡಿಗಳು ಅವನ ಕೈಯಲ್ಲೇ ಬದುಕಿವೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ಹಾಕಲು ನೋಡಿದ. ಹೋಗಲಿಲ್ಲ.

"ಎಂದ ತಗೊಂಡಿ ಬೇಟಾ ಇದನ್ನ?"

"ಯುಗಾದಿಗಿ."

"ಅಲ್ಲೇ ಪೆಟ್ಟ ತಿಂದಿ ನೋಡು. ನಮ್ಮ ಕಡಿ ಮಂದಿ ಗಾಡಿ ತಗೊಳ್ಳೂದು ಯುಗಾದಿಗಿ, ಇಲ್ಲಾ ದಸರಾಕ್ಕ. ಆವಾಗ ನೆಲಾ ಒಣಗಿರ್ತದ. ಒಣ ನೆಲದ ಮ್ಯಾಲ ಎಲ್ಲಾ ಗಾಡಿನೂ ಹುಲಿ. ಎರಿಮಣ್ಣಿನ ಮ್ಯಾಲ ತಿರಗವರು ಗಾಡಿ ನೋಡಬೇಕಾದ್ದು ಈಗ. ಆಷಾಢದಾಗ. ರಾಡ್ಯಾಗ ಓಡ್ಸಿ."

"ಆಷಾಢದಾಗ ಯಾರ ಗಾಡಿ ಕೊಳ್ತಾರ ಚಾಚಾ?"

"ಯಾರೂ ಕೊಳ್ಳಂಗಿಲ್ಲ. ಅದಕ್ಕ ನನ್ನ ಅಂಗಡಿ ನಡೀತದ."

ಮಡ್‌ಗಾರ್ಡ್ ಕತ್ತರಿಸಿ ಹಾಕಲೇ ಎಂದು ಕೇಳಿದ. ಮಾಮಾ ನೋಡಿದರೆ ಏನನ್ನುತ್ತಾನೋ ಎಂದು ಬೇಡವೆಂದೆ.

ಜುಲೈ ೨, ಬುಧವಾರ

ಅಫಜಲಪುರ ತಾಲೂಕಿನ ಕರಜಗಿ ಭಾಗವನ್ನೂ ನನಗೇ ಹಚ್ಚಿದ್ದಾರೆ. ಅಲ್ಲಿಯವನು ಕೆಲಸ ಬಿಟ್ಟನಂತೆ. ಎರಡೂ ಕಡೆಯ ನೋಂದಣಿ ಜುಲೈ ೨೨ರೊಳಗೆ ಮುಗಿಯಬೇಕು. ಬೆಳಗ್ಗೆ ಆರಕ್ಕೆ ಬಿಟ್ಟರೂ ಆಳಂದದಿಂದ ಕರಜಗಿ ಮುಟ್ಟುವಾಗ ಬೆನ್ನು ನನ್ನದಲ್ಲ.

ಇವತ್ತು ಒಂಬತ್ತು ಹೊಲ. ಎಂಟು ಮುಗಿಸಿದೆ. ಕೊನೆಯದು ಹೀರಾಬಾಯಿ ಎಂಬವರದು, ಒಂದೇ ಎಕರೆ, ಹಳ್ಳದ ಆಚೆ. ಮುಂಜಾನೆಯೇ ಫೋನ್ ಮಾಡಿ ಹೊಲದಲ್ಲಿರಿ ಎಂದು ಹೇಳಿದ್ದೆ. ಹಳ್ಳದ ದಂಡೆಗೆ ಬರುವಷ್ಟರಲ್ಲಿ ಚಕ್ರ ಏಳನೆಯ ಸಲ ಹಿಡಿಯಿತು. ಮಳೆ ಸಣ್ಣಗೆ ಹತ್ತಿತ್ತು. ಗಾಡಿಯ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಮೊಬೈಲಿನಲ್ಲಿ ಎರಡು ಗುಂಡಿ ಇರುತ್ತವೆ. ಒಂದು "ಅಳತೆ ಆರಂಭಿಸಿ". ಇನ್ನೊಂದು "ಮಾಲೀಕರು ಗೈರು". ಎರಡನೆಯದನ್ನು ಒತ್ತಿ ಹೊರಳಿ ಬಂದೆ. ಎಲ್ಲ ಫೀಲ್ಡ್‌ಮನ್‌ಗಳೂ ಒಮ್ಮೊಮ್ಮೆ ಒತ್ತುತ್ತಾರೆ.

ತಪ್ಪು ಗಾಡಿಯದು. ಇಂಥ ಗಾಡಿ ಕೊಟ್ಟು ಇಂಥ ಕೆಲಸ ಮಾಡು ಎಂದರೆ ಯಾರು ಮಾಡಿಯಾರು?

ಜುಲೈ ೩

ದಿನವಿಡೀ ಮಳೆ. ಹೋಗಲಿಲ್ಲ.

ಜುಲೈ ೬, ಭಾನುವಾರ

ಮೊಹರಂ. ಓಣಿಯಲ್ಲಿ ಹಲಗೆ ಸದ್ದು. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಸಾಹೇಬ್ರ, ನಾ ಕರಜಗಿ ಹೀರಾಬಾಯಿ ಮಾತಾಡಾಕತ್ತೇನ್ರಿ. ಕಾರ್ಖಾನಿದ ಮೆಸೇಜ್ ಬಂದದ. ಬಾಜೂ ಹೊಲದ ಮುಜೀಬ ಓದಿ ಹೇಳ್ದ. ನಾ ಗೈರ ಅಂತ ಬರದಾರಂತ್ರಿ."

"ಹೂಂ."

"ಬುಧವಾರ ಮುಂಜಾನಿಂದ ಬದುವಿನ ಮ್ಯಾಲ ಕುಂತಿದ್ದೆನ್ರಿ. ರೊಟ್ಟಿನೂ ಅಲ್ಲೇ ತಿಂದೆ. ಮಳಿ ಬಂತು, ತಲಿ ಮ್ಯಾಲ ಗೊಬ್ಬರದ ಚೀಲ ಹಾಕ್ಕೊಂಡ ಕುಂತೆ. ಎಲ್ಲಿ ಗೈರ ಆದೆನ್ರಿ ನಾ?"

ಏನಾದರೂ ಹೇಳಬೇಕಾಗಿತ್ತು. "ಸರ್ವರ್ ತೊಂದ್ರಿ ಇರಬೇಕವ್ವಾ" ಎಂದೆ.

"ಹಂಗೇನ್ರಿ. ಪಾಪ, ಮಳ್ಯಾಗ ಅದಕ್ಕೂ ತ್ರಾಸ ಆಗಿರ್ಬೇಕು."

ಅವರು ಅದನ್ನು ಕುಹಕಕ್ಕೆ ಅಂದದ್ದಲ್ಲ. ಸರ್ವರ್ ಎಂದರೆ ಯಾರೋ ನೌಕರ ಎಂದುಕೊಂಡಿದ್ದಾರೆ.

ನಮ್ಮಲ್ಲಿ ನೋಂದಣಿಯಾದ ದಿನದ ಮೇಲೆ ಕಟಾವಿನ ಸರದಿ. ಜುಲೈ ಮೊದಲ ವಾರದವರಿಗೆ ಡಿಸೆಂಬರಿನಲ್ಲಿ ಕಬ್ಬು ಕಡಿಯುವ ಗ್ಯಾಂಗು ಹೋಗುತ್ತದೆ. ತಡವಾದವರಿಗೆ ಮಾರ್ಚ್. ಮಾರ್ಚಿನ ಹೊತ್ತಿಗೆ ಕಬ್ಬು ನಿಂತಲ್ಲೇ ಒಣಗಿ ಕಟ್ಟಿಗೆಯಾಗಿರುತ್ತದೆ, ತೂಕ ಬರುವುದಿಲ್ಲ.

ಬೇರೆ ಗಾಡಿ ತೆಗೆದುಕೊಳ್ಳಲೇಬೇಕು. ಈ ಗಾಡಿ ಇರುವವರೆಗೂ ಇಂಥವು ಆಗುತ್ತಲೇ ಇರುತ್ತವೆ.

ಜುಲೈ ೯, ಬುಧವಾರ

ಗನಿ ಚಾಚಾ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದ. ನನಗೆ ಬೇಕಾದ್ದನ್ನು ದಾರಿಯಲ್ಲಿ ಹೇಳಿದೆ: ರಾಡಿಯಲ್ಲಿ ನಡೆಯಬೇಕು, ದೂರ ಹೋದರೆ ಬೆನ್ನು ಉಳಿಯಬೇಕು, ಅವ್ವ ಹಿಂದೆ ಕೂಡಬೇಕು, ಹಿಟ್ಟಿನ ಡಬ್ಬಿಯನ್ನೂ ಹೊರಬೇಕು, ನಟ್ಟನಡುವೆ ಕೈಕೊಡಬಾರದು.

"ಗಾಡಿ ಕೇಳ್ತಿಯೋ, ಹೆಣ್ಣ ಕೇಳ್ತಿಯೋ?" ಎಂದ.

ಶೋರೂಮಿನಲ್ಲಿ ಹೊಸದೊಂದನ್ನು ತೋರಿಸಿದರು. ಚಾಚಾ ಅದರ ಮೇಲೆ ಹತ್ತಲೂ ಇಲ್ಲ. ಕುಕ್ಕರುಗಾಲಲ್ಲಿ ಕೂತು ಮಡ್‌ಗಾರ್ಡಿನ ಕೆಳಗೆ ಮೂರು ಬೆರಳು ಹಾಕಿ ನೋಡಿದ. "ಮೂರು ಬೆಳ್ಳ ಹೋಗಬೇಕು. ಇದಕ್ಕ ಒಂದೂವರಿ." ಹೊಲಕ್ಕೆ ಒಯ್ದು ನೋಡಬಹುದೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, ಅಲ್ಲಿದ್ದವನು ತನ್ನ ಹೊಸ ಬೂಟು ನೋಡಿಕೊಂಡು, "ಟೆಸ್ಟ್ ರೈಡ್ ಡಾಂಬರ ಮ್ಯಾಲ ಅಷ್ಟೇ ಸರ್" ಎಂದ.

ಆಮೇಲೆ ಒಬ್ಬ ಗುತ್ತಿಗೆದಾರರ ಮನೆಯಲ್ಲಿ ದೊಡ್ಡದೊಂದು. ಶುರು ಮಾಡಿದರೆ ಕಿಟಕಿ ಅದುರುತ್ತದೆ. ಚಾಚಾ ಅದರ ಸುತ್ತ ಒಂದು ಸುತ್ತು ಬಂದ. "ಛಲೋ ಅದ. ಆದರ ರಾಡ್ಯಾಗ ಮಲಗಿದ್ರ ಎಬ್ಬಸಾಕ ನಾಕ ಮಂದಿ ಬೇಕು. ನಾಕ ಮಂದಿ ಹೊರೂದು ಯಾವಾಗ, ನಿಮಗ ಗೊತ್ತದ." ಗುತ್ತಿಗೆದಾರರು ನಗಲಿಲ್ಲ. ನಾನು ಹೊರಗೆ ಬಂದು ನಕ್ಕೆ.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ.

"ಆಷಾಢದಾಗ ಪೊರಕಿನೂ ಕೊಳ್ಳಂಗಿಲ್ಲ. ಗಾಡಿ ತರ್ತಾನಂತ ಗಾಡಿ. ಶ್ರಾವಣ ಬರ್ಲಿ ತಡಿ."

"ಶ್ರಾವಣ ಇಪ್ಪತ್ತೈದಕ್ಕವ್ವಾ. ನಂದು ಇಪ್ಪತ್ತೆರಡಕ್ಕ ಮುಗೀತದ."

"ನಿಮ್ಮ ಮಾಮಾಗ ಯಾರು ಹೇಳವ್ರು? ನಾ ಅಂತೂ ಹೇಳಂಗಿಲ್ಲ."

ಜುಲೈ ೧೨, ಶನಿವಾರ

ಬಸ್ಸಿನಲ್ಲಿ ಜೇವರ್ಗಿಗೆ ಹೋದೆ. ಕೆಂಪು ಗಾಡಿಯ ಮೇಲೆ ಹೋಗಿ ಅದನ್ನೇ ಮಾರುತ್ತೇನೆ ಎನ್ನುವುದು ಸರಿಯಲ್ಲ ಅನ್ನಿಸಿತು. ಮಾಮಾ ಗಿರಾಕಿಗಳ ಮುಂದೆ ಇಳಕಲ್ ಸೀರೆ ಹರವಿಕೊಂಡು ಕೂತಿದ್ದ.

"ಮಾಮಾ, ಗಾಡಿ ಮಾರಬೇಕಂತ ಮಾಡೇನಿ."

"ಯಾಕ, ಬಣ್ಣ ಹಿಡಸ್ಲಿಲ್ಲೇನು?"

"ರಾಡ್ಯಾಗ ನಡ್ಯಂಗಿಲ್ಲ."

"ರಾಡ್ಯಾಗ ಯಾವ ಗಾಡಿ ನಡೀತದ ಲೇ? ಎಮ್ಮಿ ನಡೀತದ. ಎಮ್ಮಿ ತಗೋ."

ಗಿರಾಕಿ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಎದ್ದು ಹೋಗಬೇಕು ಅನ್ನಿಸಿತು. ಆದರೆ ವಾಪಸ್ ಬಸ್ಸು ಎರಡು ತಾಸಿನ ಮೇಲೆ ಇತ್ತು.

"ಮುಹೂರ್ತ ನೋಡಿ, ಹಾರ ಹಾಕಿ ಕೊಟ್ಟದ್ದು" ಎಂದ ಮಾಮಾ, ಸೀರೆ ಮಡಚುತ್ತ. "ಅದನ್ನ ಆಷಾಢದಾಗ ಮಾರಿ, ಆಷಾಢದಾಗೇ ಇನ್ನೊಂದ ತಂದ್ರ ಜೇವರ್ಗಿ ಮಂದಿ ನನಗ ಏನಂತಾರ?"

"ಜೇವರ್ಗಿ ಮಂದಿ ಮಟಕಿ ಹೊಲಕ್ಕ ಬರಂಗಿಲ್ಲಲ್ಲ ಮಾಮಾ."

ಮಾಮಾ ನನ್ನ ಮುಖ ನೋಡಿದ. ಸಿಟ್ಟೋ ಏನೋ ತಿಳಿಯಲಿಲ್ಲ. ಗಿರಾಕಿಗಳು ಹೋದ ಮೇಲೆ ಹೇಳಿದೆ, ಈ ಮೂರು ತಿಂಗಳಲ್ಲಿ ಅವ್ವ ಒಮ್ಮೆಯೂ ಆ ಗಾಡಿಯ ಮೇಲೆ ಕೂತಿಲ್ಲ ಎಂದು.

"ಸುಭದ್ರಾ ಕುಂತಿಲ್ಲ?"

"ಸೀಟು ಎದಿಮಟ ಅದ. ಸೀರಿ ಉಟ್ಟವರು ಹೆಂಗ ಏರಬೇಕು? ಕಾಲಿಡಾಕ ಹಲಗಿನೂ ಇಲ್ಲ."

ಗಜಕಡ್ಡಿ ಕೈಯಲ್ಲಿ ಹಿಡಿದು ತಿರುಗಿಸಿದ. "ಆಕಿ ನನ್ನ ಮುಂದ ಅಂದೇ ಇಲ್ಲಲ್ಲ" ಎಂದ. ಆಮೇಲೆ, "ಮಾರು. ಏನರೆ ಮಾಡ್ಕೋ. ಉಂಡ ಹೋಗು" ಎಂದ.

ಹಿಂತಿರುಗುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿ ಕಲಬುರಗಿಯಲ್ಲಿ ಯಾರೋ ಎಬ್ಬಿಸಿದರು.

ಜುಲೈ ೧೪, ಸೋಮವಾರ

ಗಾಡಿ ಸಿಕ್ಕಿತು. ಭೂಸನೂರಿನ ಪರಮೇಶ ಎಂಬವರದು. ವಿದ್ಯುತ್ ಲೈನ್‌ಮನ್ ಆಗಿದ್ದು ಈಗ ನಿವೃತ್ತರು. ಗಾಡಿಗೆ ಏಳು ವರ್ಷ. ಬಣ್ಣ ಕಪ್ಪು ಎಂದು ಕಾಗದದಲ್ಲಿದೆ. ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ.

"ಗಾಳಿ ಮಳ್ಯಾಗ ಕಂಬ ಬಿದ್ದದ ಅಂತ ಫೋನ್ ಬರ್ತಿತ್ತು. ಆವಾಗ ಹೋಗೂದೇ ನಂದು ಕೆಲಸ" ಎಂದರು ಪರಮೇಶ. "ಹಗ್ಗ, ಏಣಿ, ಒಮ್ಮೊಮ್ಮೆ ಹೆಲ್ಪರ್, ಎಲ್ಲಾ ಇದರ ಮ್ಯಾಲೇ. ಮುಂದಿನ ಮಡ್‌ಗಾರ್ಡ್ ನಾನೇ ಎರಡ ಇಂಚು ಎತ್ತಸೇನಿ."

ಚಾಚಾ ಮೂರು ಬೆರಳು ಹಾಕಿದ. ನಾಲ್ಕನೆಯದೂ ಹೋಯಿತು.

ರಾತ್ರಿಯೆಲ್ಲ ಮಳೆಯಾಗಿತ್ತು. ಊರ ಹಿಂದಿನ ಹೊಲದ ದಾರಿಗೆ ಇಳಿಸಿ ನೋಡು ಎಂದರು. ಮಾರಾಟಕ್ಕಿಟ್ಟ ಗಾಡಿಯನ್ನು ರಾಡಿಗೆ ಇಳಿಸು ಎಂದು ಮಾಲೀಕರೇ ಹೇಳಿದ್ದು ಇದೇ ಮೊದಲು ಕೇಳಿದೆ. ಮಣ್ಣು ಹತ್ತಿತು, ಮೇಲೆ ಹೋಯಿತು, ಉದುರಿತು. ಗಾಡಿ ಅಳುತ್ತ ಅಳುತ್ತ ನಡೆಯಿತು, ಆದರೆ ನಿಲ್ಲಲಿಲ್ಲ. ಬ್ಯಾಟರಿ ಸತ್ತಂತಿದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಎರಡನೆಯ ಕಿಕ್ಕಿಗೆ ಶುರು. ಕ್ಲಚ್ ಸ್ವಲ್ಪ ಬಿಗಿ ಇದೆ, ಹಿಂದಿನ ಟೈರು ಸವೆದಿದೆ ಎಂದು ನಾನು ಹೇಳಿದೆ. ಚಾಚಾ ನನ್ನನ್ನೇ ನೋಡುತ್ತಿದ್ದ. ಆಷಾಢದಲ್ಲಿ ಕೇಳುವವರೇ ಇಲ್ಲದ್ದರಿಂದ ಪರಮೇಶ ಬೆಲೆಗೆ ಹೆಚ್ಚು ಎಳೆದಾಡಲಿಲ್ಲ, ಹೊಸ ಟೈರು ಹಾಕಿಸಿಯೇ ಕೊಟ್ಟರು. ಕೆಂಪನ್ನು ಆಳಂದದ ಮೊಬೈಲ್ ಅಂಗಡಿಯವರು ಒಯ್ದರು. ಅವರು ಡಾಂಬರ್ ಬಿಟ್ಟು ಇಳಿಯುವುದಿಲ್ಲ. ಅದು ಅಲ್ಲಿ ಸುಖವಾಗಿರುತ್ತದೆ.

ಅವ್ವ ಬಾಗಿಲಲ್ಲಿ ನಿಂತು ನೋಡಿ, "ಇದು ತುಕ್ಕೋ, ಬಣ್ಣೋ?" ಎಂದಳು. ಆರತಿ ಮಾಡಲಿಲ್ಲ. ಆದರೆ ಹಿಂದಿನ ಸೀಟನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದಳು.

ಜುಲೈ ೧೬, ಬುಧವಾರ

ಐದೂವರೆಗೇ ಬಿಟ್ಟು ಕರಜಗಿ. ಉಳಿದ ಹೊಲಗಳೆಲ್ಲ ಮೂರು ಗಂಟೆಯೊಳಗೆ ಮುಗಿದವು. ಎಲ್ಲೂ ಕೆದರಲಿಲ್ಲ. ಕೊನೆಗೆ ಹೀರಾಬಾಯಿಯ ಹೊಲಕ್ಕೆ ಹೋದೆ.

ಹಳ್ಳದ ದಂಡೆಗೆ ಬಂದು ನೋಡಿದರೆ ಮುಂದೆ ದಾರಿಯೇ ಇಲ್ಲ. ಹಳ್ಳ ದಾಟಲು ನಾಲ್ಕು ಕಲ್ಲು, ಆಚೆ ಒಬ್ಬರೇ ನಡೆಯುವಷ್ಟು ಕಾಲುದಾರಿ. ಗಾಡಿಯನ್ನು ಅಲ್ಲೇ ನಿಲ್ಲಿಸಿದೆ. ಅವತ್ತು ಕೂತ ಕಲ್ಲಿನ ಹತ್ತಿರವೇ. ಯಾವ ಗಾಡಿಯಾದರೂ ಅಲ್ಲೇ ನಿಲ್ಲಬೇಕು. ಅಲ್ಲಿಂದ ಹೊಲಕ್ಕೆ ನಡೆದೆ. ಹನ್ನೆರಡು ನಿಮಿಷ.

ಹೀರಾಬಾಯಿಗೆ ಅರವತ್ತರ ಮೇಲಿರಬೇಕು. ಬದುವಿನ ಮೇಲೆ ಕುಡುಗೋಲು ಹಿಡಿದು ಕೂತಿದ್ದರು. ನನ್ನ ಜೊತೆ ಹೊಲದ ಸುತ್ತ ತಾವೂ ನಡೆದರು. ಕಬ್ಬು ಚೆನ್ನಾಗಿದೆ, ದಪ್ಪ ಗಣಿಕೆ. ಎಕರೆಗೆ ಎರಡು ಗುಂಟೆ ಕಡಿಮೆ ಬಂತು. ನೋಂದಣಿ ಗುಂಡಿ ಒತ್ತಿದೆ. ಜುಲೈ ೧೬ ಎಂದು ಬಿತ್ತು. ಸರದಿ ಮಾರ್ಚ್ ಮೊದಲ ವಾರ.

"ಮಾರ್ಚಿಗಿ ಏನ್ ಉಳೀತದ್ರಿ ಇದು" ಎಂದರು. ಮತ್ತೆ ತಾವೇ, "ಇರಲಿ ಬಿಡ್ರಿ. ಸರ್ವರ್ ಪಾಪ ಏನ್ ಮಾಡ್ತದ."

"ಸರ್ವರ್ ಅಲ್ಲವ್ವಾ" ಎಂದೆ. "ನಾ ಬರ್ಲಿಲ್ಲ. ಹಳ್ಳದ ತನಕ ಬಂದಿದ್ದೆ. ಅಲ್ಲಿ ಕುಂತು ಗೈರ ಅಂತ ಒತ್ತಿ ಹೋದೆ."

ಅವರು ಹಳ್ಳದ ಕಡೆ ನೋಡಿದರು. ಕಬ್ಬು ಎತ್ತರ, ಇಲ್ಲಿಂದ ಆ ಕಲ್ಲು ಕಾಣುವುದಿಲ್ಲ.

"ಅಲ್ಲಿ ತನಕ ಬಂದಿದ್ದಿ?"

"ಹೌದ್ರಿ."

"ಕೂಗಿದ್ರೂ ನಾ ಬರ್ತಿದ್ನಲ್ಲೋ."

ನನಗೆ ಅದು ಹೊಳೆದಿರಲಿಲ್ಲ. ಕೂಗುವುದು ನನಗೆ ಎಂದೂ ಹೊಳೆಯುವುದಿಲ್ಲ.

"ಹಂಗಾರ ನಾ ಗೈರ ಇದ್ದಿಲ್ಲ" ಎಂದರು ಹೀರಾಬಾಯಿ. "ನೀ ಗೈರ ಇದ್ದಿ. ಹಂಗಂತ ಬರಿ ಹೋಗು ನಿಮ್ಮ ಕಾರ್ಖಾನ್ಯಾಗ."

ಅಲ್ಲಿಯವರೆಗೆ ರೀ ಅನ್ನುತ್ತಿದ್ದವರು ಆಮೇಲೆ ಅನ್ನಲಿಲ್ಲ. ಹೊರಡುವಾಗ ನೀರು ಕೊಟ್ಟರು.

ಜುಲೈ ೧೭

ಮಳೆ ನಿಂತಿದೆ. ಅವ್ವ ಹಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗಿರಣಿಯ ತನಕ ಗಾಡಿಯ ಮೇಲೆ ಬಂದಳು. "ಆಷಾಢ ನಿನ್ನ ಗಾಡಿಗಿ, ನನ್ನ ಜ್ವಾಳಕ್ಕಲ್ಲ" ಎಂದಳು. ಇನ್ನೂ ಏನೇನೋ ಹೇಳುತ್ತಿದ್ದಳು, ಗಾಳಿಗೆ ಕೇಳಿಸಲಿಲ್ಲ. ತಲೆಯೆಲ್ಲ ನಾಳೆ ಕಾರ್ಖಾನೆಯಲ್ಲಿ ಹೇಳಬೇಕಾದದ್ದರ ಮೇಲೆ ಇತ್ತು.

ಜುಲೈ ೧೮, ಶುಕ್ರವಾರ

ಕಬ್ಬು ಅಧಿಕಾರಿ ಅಜಯಕುಮಾರ ಸರ್ ಕೆಟ್ಟವರಲ್ಲ. ಪೂರ್ತಿ ಕೇಳಿದರು. ಕೇಳಿ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು.

"ನೆಟ್‌ವರ್ಕ್ ಇರ್ಲಿಲ್ಲ ಅಂತ ಬರದ್ಕೊಡ್ರಿ. ಎಲ್ಲಾರೂ ಹಂಗೇ ಬರೀತಾರ."

"ಹಂಗ ಬರದ್ರ ಆಕಿಗಿ ಎರಡನೇ ತಾರೀಖ ಸಿಗ್ತದೇನ್ರಿ ಸರ್?"

"ಇಲ್ಲ. ಹದಿನಾರೇ ಉಳೀತದ. ಫೀಲ್ಡ್‌ಮನ್ ತಪ್ಪು ಅಂತ ಇದ್ರ ಅಷ್ಟೇ ಹಳೇ ತಾರೀಖ."

"ಹಂಗಾರ ಅದನ್ನೇ ಬರೀತೇನ್ರಿ."

"ಅರುಣಕುಮಾರ, ತಿಂಗಳ ಕೊನಿಗಿ ನಿಮ್ಮ ಕಾಯಂ ಫೈಲ್ ಮ್ಯಾಲ ಹೋಗ್ತದ. ಈ ಕಾಗದ ಅದರಾಗ ಇರ್ತದ. ಒಂದ ಎಕರೆ ಸಲುವಾಗಿ ಯಾಕ?"

"ಎರಡು ಗುಂಟೆ ಕಡಿಮಿ ಅದ ಸರ್" ಎಂದೆ. ಯಾಕೆ ಹಾಗೆ ಅಂದೆನೋ. ಸರ್ ನಗದೆ ಕಾಗದ ಕೊಟ್ಟರು.

ಮೊದಲು ಅರ್ಧ ಪುಟ ಬರೆದೆ. ಮಳೆ, ಎರಿಮಣ್ಣಿನ ಗುಣ, ಗಾಡಿಯ ರಚನೆ, ಹೆಚ್ಚುವರಿ ಹಚ್ಚಿದ ಕರಜಗಿ ಭಾಗ. ಓದಿ ನೋಡಿದೆ. ಚೆನ್ನಾಗಿತ್ತು. ಅದೇ ಸರಿಯಿರಲಿಲ್ಲ. ಇನ್ನೊಂದು ಹಾಳೆ ಇಸಿದುಕೊಂಡು ಎರಡು ಸಾಲು ಬರೆದುಕೊಟ್ಟೆ: "ಜುಲೈ ೨ರಂದು ಶ್ರೀಮತಿ ಹೀರಾಬಾಯಿಯವರು ಹೊಲದಲ್ಲಿದ್ದರು. ನಾನು ಹೋಗಲಿಲ್ಲ."

ಹೊರಗೆ ಬಂದರೆ ಗಾಡಿ ಮೊದಲ ಕಿಕ್ಕಿಗೇ ಶುರುವಾಯಿತು. ಒಳ್ಳೆಯ ಗಾಡಿ. ಇದನ್ನು ಮೊದಲೇ ತೆಗೆದುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಅದು ನಿಜವಲ್ಲ.

ಜುಲೈ ೨೨, ಮಂಗಳವಾರ

ಎರಡೂ ಕಡೆಯ ಹೊಲಗಳು ಮುಗಿದವು. ಕೊನೆಯದು ಮಟಕಿಯದು, ಸಂಜೆ ಆರೂವರೆಗೆ. ಸೊಂಟ ನೋವು. ಬರೆಯಲು ಇನ್ನೇನೂ ಇಲ್ಲ.

ಆಗಸ್ಟ್ ೧, ಶುಕ್ರವಾರ

ಕಾಯಂ ಆಗಲಿಲ್ಲ. ತೆಗೆದೂ ಹಾಕಲಿಲ್ಲ. ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿದ್ದಾರೆ, ಆಮೇಲೆ ನೋಡೋಣ ಎಂದಿದ್ದಾರೆ. ಅವ್ವನಿಗೆ ಹೇಳಿದೆ. ಆಷಾಢದ ಮಾತು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. "ಉಣ್ಣು ಬಾ" ಎಂದಳು.

ಊಟದ ನಡುವೆ ಹೀರಾಬಾಯಿಯ ಫೋನ್.

"ಏನೋ ಸಾಹೇಬಾ, ಮೆಸೇಜ್ ಬಂದದ. ಮುಜೀಬ ಓದಿದ. ಜುಲೈ ಎರಡಕ್ಕ ಫೀಲ್ಡ್‌ಮನ್ ಹೊಲಕ್ಕ ಬಂದು ಅಳದಾರ, ಡಿಸೆಂಬರ ಎರಡನೇ ವಾರ ಕಟಾವು ಅಂತ ಬರದಾರಂತ."

"ಛಲೋ ಆತಲ್ಲವ್ವಾ."

"ಏನ್ ಛಲೋ? ಎರಡಕ್ಕ ನೀ ಎಲ್ಲಿ ಬಂದಿದ್ದಿ? ಮತ್ತ ಸುಳ್ಳೇ ಬರದಾರಲ್ಲೋ!"

ಆ ಕಡೆ ಮುಜೀಬ ನಗುವುದು ಕೇಳಿಸಿತು.

"ತಾರೀಖ ತಿದ್ದಿದ್ರ ಕಂಪ್ಯೂಟರ್ ಹಂಗೇ ಬರೀತದವ್ವಾ. ಹೋಗಿ ಮತ್ತ ಕೇಳ್ಲೇನು?"

"ಬ್ಯಾಡ, ಬ್ಯಾಡ. ಇದೊಂದ ಸುಳ್ಳ ಇರಲಿ. ಡಿಸೆಂಬರಕ್ಕ ಗ್ಯಾಂಗ್ ಕರ್ಕೊಂಡು ಮಾತ್ರ ಖರೇನ ಬಾ."

ನನ್ನ ಕೆಲಸ ಅಕ್ಟೋಬರಿನ ತನಕ. "ಬರ್ತೇನವ್ವಾ" ಎಂದೆ.